ಕಂಪ್ಯೂಟರ್ ಜೋಡಿಸಿ ಮಾರಿ ಬದುಕಬಹುದೇ? ದಾವಣಗೆರೆಯಲ್ಲಿ ಅಂಗಡಿ ಹಾಕುವ ಮುನ್ನ ಕೇಳುತ್ತಿದ್ದೇನೆ

ನಿಟ್ಟುವಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಊರಿನ ಒಂದು ಮೊಬೈಲ್ ಮಳಿಗೆಯಲ್ಲಿ ಕೆಲಸಕ್ಕಿದ್ದೇನೆ. ಸಂಬಳ 14,000. ಕಳೆದ ಒಂದೂವರೆ ವರ್ಷದಲ್ಲಿ ಸಂಜೆ ಹೊತ್ತು ಮತ್ತು ಭಾನುವಾರ ಕುಳಿತು ಹನ್ನೊಂದು ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದೇನೆ. ಮೊದಲನೆಯದು ಗೆಳೆಯನಿಗೆ. ಅದಕ್ಕೆ ಸಿಕ್ಕ ಕೂಲಿ ಎರಡು ಬೆಣ್ಣೆ ದೋಸೆ. ಆಮೇಲೆ ಅವನ ಭಾವನಿಗೆ, ಭಾವನಿಗೆ ಪರಿಚಯವಿದ್ದ, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಅವರಿಂದ ಇನ್ನೊಬ್ಬರಿಗೆ, ಹೀಗೆ ಬಾಯಿಂದ ಬಾಯಿಗೆ ಹೋಯಿತು. ಎಲ್ಲ ಸೇರಿ 38,500 ರೂಪಾಯಿ ಲಾಭ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದೆ.

ಉದಾಹರಣೆಗೆ ಒಂದು: ರೈಜೆನ್ 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಕ್ಯಾಬಿನೆಟ್, ಮಾನಿಟರ್ ಎಲ್ಲ ಸೇರಿ ನನಗೆ ಬಿದ್ದದ್ದು 34,650. ಕೊಟ್ಟದ್ದು 37,000ಕ್ಕೆ. ಉಳಿದದ್ದು 2,350. ಆಟ ಆಡುವ ಹುಡುಗರ ಯಂತ್ರಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ಉಳಿಯುತ್ತದೆ.

ಈಗ ವಿದ್ಯಾನಗರದ ಕಡೆ ಒಂದು ಸಣ್ಣ ಮಳಿಗೆ ಖಾಲಿಯಾಗಿದೆ. ಬಾಡಿಗೆ 8,000, ಮುಂಗಡ 80,000. ಸುತ್ತ ಇಂಜಿನಿಯರಿಂಗ್ ಹುಡುಗರು ಇದ್ದಾರೆ, ವ್ಯಾಪಾರವಾಗುತ್ತದೆ ಎಂಬುದು ನನ್ನ ನಂಬಿಕೆ. ಅಪ್ಪನದು ಬೇರೆ ಮಾತು. ಹತ್ತಿ ಗಿರಣಿ ಬಾಗಿಲು ಹಾಕಿದಾಗ ಕೆಲಸ ಕಳೆದುಕೊಂಡವರು ಅವರು. ಸಂಬಳ ಬಿಡುತ್ತೇನೆ ಎಂದರೆ ನನ್ನೊಂದಿಗೆ ಮಾತೇ ಬಿಡುತ್ತಾರೆ. ಅನುಭವ ಇರುವವರು ಹೇಳಿ: ಹಾಕಲೇ, ಬೇಡವೇ?

ಮಂಡಿಪೇಟೆ

ಹಾಕು. ಹೆದರಿದವನು ವ್ಯಾಪಾರ ಮಾಡಿದ ಉದಾಹರಣೆ ಇಲ್ಲ.

ಹರಿಹರದ ಲೆಕ್ಕಿಗ

ಮಂಡಿಪೇಟೆಯವರೇ, ಹೆದರದೆ ವ್ಯಾಪಾರ ಮಾಡಿ ಮುಳುಗಿದವರ ಫೈಲುಗಳು ನನ್ನ ಕಪಾಟಿನಲ್ಲಿವೆ. ಹುಡುಗ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಲಿ. ಸಾಮಾನು ಎಲ್ಲಿಂದ ತಂದೆ, ಹೋಗಿಬರುವ ಖರ್ಚು ಎಷ್ಟು? ಕೆಟ್ಟುಹೋದದ್ದು ಏನಾದರೂ ಇದೆಯೇ? ಬಾಕಿ ಬರಬೇಕಾದದ್ದು ಎಷ್ಟು? ಒಂದು ಯಂತ್ರಕ್ಕೆ ಎಷ್ಟು ಗಂಟೆ ಹಿಡಿಯಿತು? ಜೋಡಿಸುವ ಗಂಟೆ ಮಾತ್ರ ಹೇಳಬೇಡ. ಪಟ್ಟಿ ಮಾಡಿದ್ದು, ಫೋನಿನಲ್ಲಿ ಮಾತಾಡಿದ್ದು, ಮನೆಗೆ ಹೋಗಿ ಕೂರಿಸಿ ಬಂದದ್ದು, ಎಲ್ಲ ಸೇರಬೇಕು.

ನಿಟ್ಟುವಳ್ಳಿ ಹುಡುಗ

ಸರ್, ಕೆಲವನ್ನು ಆನ್‌ಲೈನಿನಲ್ಲಿ ತರಿಸಿದೆ. ಉಳಿದದ್ದಕ್ಕೆ ನಾಲ್ಕು ಸಲ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆ ಸುತ್ತಿ ಬಂದೆ. ಊಟ, ಆಟೋ ಸೇರಿ ಸಲಕ್ಕೆ 900ರಂತೆ. ಒಂದು ಮದರ್‌ಬೋರ್ಡಿನ ಸಾಕೆಟ್ ಪಿನ್ ನನ್ನ ಕೈಯಿಂದಲೇ ಬಾಗಿತು. ಅದು ವಾರಂಟಿಗೆ ಬರುವುದಿಲ್ಲವಂತೆ, 8,200 ಹೋಯಿತು. ಗೆಳೆಯನೊಬ್ಬ 4,000 ಕೊಡಬೇಕು, ಈಗ ನನ್ನನ್ನು ಕಂಡರೆ ಜಯದೇವ ವೃತ್ತದಲ್ಲೇ ಗಾಡಿ ತಿರುಗಿಸುತ್ತಾನೆ. ಗಂಟೆ ಲೆಕ್ಕ ಇಟ್ಟಿಲ್ಲ. ಅಂದಾಜಿಗೆ ಯಂತ್ರಕ್ಕೆ 14 ಗಂಟೆ. ಕೊಟ್ಟ ಮೇಲೆ ಬಂದ ಕರೆಗಳು, ಓಡಾಟ ಎಲ್ಲ ಸೇರಿ ಇನ್ನೊಂದು ನೂರು ಗಂಟೆ ಇರಬಹುದು.

ಹರಿಹರದ ಲೆಕ್ಕಿಗ

38,500ರಲ್ಲಿ ರೈಲಿನ 3,600, ಬೋರ್ಡಿನ 8,200, ಗೆಳೆಯನ 4,000 ತೆಗೆ. (ಆ ಗೆಳೆಯನದ್ದು ಬರುವುದಿಲ್ಲ, ನಂಬು.) ಉಳಿದದ್ದು 22,700. ಗಂಟೆ 254. ಗಂಟೆಗೆ 89 ರೂಪಾಯಿ ಚಿಲ್ಲರೆ.

ನಿಟ್ಟುವಳ್ಳಿ ಹುಡುಗ

ಸರ್, ನನ್ನ ಸಂಬಳವನ್ನು ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ಗಂಟೆಗೆ 67 ಬರುತ್ತದೆ. ಹಾಗಾದರೆ ಇದೇ ಲೇಸಲ್ಲವೇ?

ಹರಿಹರದ ಲೆಕ್ಕಿಗ

ಜಾಣ. ಆದರೆ ಆ 89ರ ಹಿಂದೆ ಬಾಡಿಗೆ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಾಗಿ ರಸ್ತೆ ನೋಡುತ್ತ ಕುಳಿತ ಗಂಟೆಗಳೂ ಇಲ್ಲ. ಮಳಿಗೆ ಹಾಕಿದ ದಿನದಿಂದ ಬಾಡಿಗೆ 8,000, ವಿದ್ಯುತ್, ಇಂಟರ್‌ನೆಟ್ 2,000, ಬಿಟ್ಟ ಸಂಬಳ 14,000, ಒಟ್ಟು 24,000 ದುಡಿದರೆ ಇವತ್ತು ಇರುವಲ್ಲೇ ಇರುತ್ತೀಯೆ. ನಿನ್ನ ಸರಾಸರಿ ಯಂತ್ರಕ್ಕೆ 3,500. ಅಂದರೆ ತಿಂಗಳಿಗೆ ಏಳು ಯಂತ್ರ. ನೀನು ಹದಿನೆಂಟು ತಿಂಗಳಲ್ಲಿ ಮಾರಿರುವುದು ಹನ್ನೊಂದು.

ಮಂಡಿಪೇಟೆ

ಅಂಗಡಿ ಇದ್ದರೆ ತಾನೇ ಏಳು ಜನ ಬರುವುದು?

ಹಳೇ ಬೆಸುಗೆ

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಸ್ವಲ್ಪ ಹಕ್ಕಿದೆ. ಅಶೋಕ ರಸ್ತೆಯ ಹತ್ತಿರ ಹದಿನೇಳು ವರ್ಷ ಅಸೆಂಬಲ್ಡ್ ಕಂಪ್ಯೂಟರ್ ಅಂಗಡಿ ನಡೆಸಿದವನು ನಾನು. ಶುರು ಮಾಡಿದ್ದು 1999ರಲ್ಲಿ, 2000 ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಲೆಕೆಡಿಸಿಕೊಳ್ಳುತ್ತವೆ ಎಂದು ಊರೆಲ್ಲ ಹೆದರಿದ್ದ ಕಾಲ. ಆಗ 64 ಎಂಬಿ ರ‍್ಯಾಮ್ ಹಾಕಿಸಿಕೊಂಡವನು ಸಾಹುಕಾರ. ಒಂದು ಯಂತ್ರಕ್ಕೆ ಆರೇಳು ಸಾವಿರ ಉಳಿಯುತ್ತಿತ್ತು. ಕಾರಣ ನನ್ನ ಕೈಚಳಕವಲ್ಲ. ಬೆಂಗಳೂರಿನ ಬೆಲೆ ನನಗೆ ಗೊತ್ತಿತ್ತು, ಗಿರಾಕಿಗೆ ಗೊತ್ತಿರಲಿಲ್ಲ, ಅಷ್ಟೇ. ನಡುವೆ ಇದ್ದ 260 ಕಿಲೋಮೀಟರ್ ದಾರಿಯನ್ನೇ ನಾನು ಮಾರುತ್ತಿದ್ದೆ. ಈಗ ಗಿರಾಕಿ ನಿನ್ನ ಎದುರು ನಿಂತೇ ಮೊಬೈಲಿನಲ್ಲಿ ಬೆಲೆ ತೆಗೆದು ತೋರಿಸುತ್ತಾನೆ. ಆ ದಾರಿ ಮಾಯವಾಗಿದೆ. ಸಾಮಾನಿನ ಮೇಲೆ ಲಾಭ ಇಟ್ಟು ಬದುಕುತ್ತೇನೆ ಎನ್ನುವವನು ನನ್ನ 1999ನ್ನು ಹುಡುಕುತ್ತಿದ್ದಾನೆ.

ಇನ್ನು ಜೋಡಿಸುವ ವಿದ್ಯೆ. ಅದರಲ್ಲಿ ಗುಟ್ಟು ಉಳಿದಿಲ್ಲ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಮಾಡಿತು, ಬೇರೆಯವರೂ ಅದೇ ರೀತಿ ಮಾಡಲು ದಾರಿಯಾಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆ ತಂದ ಮೇಲೆ ಯಾರ ಬೋರ್ಡು ಯಾರ ಡಬ್ಬಿಯಲ್ಲಾದರೂ ಕೂರುವಂತಾಯಿತು. ಇವತ್ತು ಎಂಟನೇ ತರಗತಿ ಹುಡುಗ ವಿಡಿಯೋ ನೋಡಿ ಜೋಡಿಸುತ್ತಾನೆ. ತಪ್ಪೇನಿಲ್ಲ. ಆದರೆ ಜೋಡಿಸಿದ ಯಂತ್ರ ಎರಡು ವರ್ಷದ ಮೇಲೆ ಮಳೆಗಾಲದ ರಾತ್ರಿ ನಿಂತುಹೋದಾಗ ಯಾರಿಗೆ ಫೋನ್ ಬರುತ್ತದೆ? ಅದು ಕಸುಬು.

ಒಂದು ಸಂಗತಿ ಹೇಳುತ್ತೇನೆ, ಹೇಳಿಕೊಳ್ಳುವಂಥದ್ದಲ್ಲ. ಒಂದು ಫೋಟೋ ಸ್ಟುಡಿಯೋಗೆ ಯಂತ್ರ ಮಾಡಿಕೊಟ್ಟೆ. ದರದಲ್ಲಿ ಎಳೆದಾಡಿ ಎಳೆದಾಡಿ ಕೊನೆಗೆ ನನಗೆ ಏನೂ ಉಳಿಯದಂತಾಯಿತು. ಉಳಿಸಿಕೊಳ್ಳಲು ಎಸ್‌ಎಂಪಿಎಸ್ (ಯಂತ್ರದ ಭಾಗಗಳಿಗೆ ವಿದ್ಯುತ್ ಹಂಚುವ ಡಬ್ಬಿ) ಬೇರೆ ಕೊಳ್ಳದೆ ಕ್ಯಾಬಿನೆಟ್ ಜೊತೆಗೇ ಬರುವುದನ್ನು ಇಟ್ಟುಬಿಟ್ಟೆ. ಚೀಟಿಯ ಮೇಲೆ 450 ವ್ಯಾಟ್ ಎಂದಿತ್ತು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಹಗುರ. ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಕಿದೆ. ಒಂದು ರಾತ್ರಿ ಕರೆಂಟ್ ಹೋಗಿ ಬಂದು, ಹೋಗಿ ಬಂದು ಆಯಿತು. ಎಸ್‌ಎಂಪಿಎಸ್ ತಾನು ಸುಟ್ಟುಕೊಂಡು ಸುಮ್ಮನಿರಲಿಲ್ಲ, ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅದರಲ್ಲಿ ಚನ್ನಗಿರಿ ಕಡೆಯ ಒಂದು ಮದುವೆಯ ಫೋಟೋಗಳಿದ್ದವು. ಬೇರೆ ಪ್ರತಿ ಇರಲಿಲ್ಲ. ಬೆಂಗಳೂರಿನಲ್ಲಿ ದುಡ್ಡು ಸುರಿದು ಅರ್ಧದಷ್ಟು ಹಿಂದಕ್ಕೆ ಸಿಕ್ಕವು. ಧಾರೆ ಸಿಗಲಿಲ್ಲ, ಊಟದ ಪಂಕ್ತಿ ಸಿಕ್ಕಿತು. ಸ್ಟುಡಿಯೋದವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿಸಿದ್ದು ಒಂದು ಸಾವಿರದ ಐನೂರು.

ರಾತ್ರಿ ಪಾಳಿ

80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ ಗುರುತು ಇರುವ ಎಸ್‌ಎಂಪಿಎಸ್ ತೆಗೆದುಕೊಂಡರೆ ಈ ತೊಂದರೆ ಇರುವುದಿಲ್ಲ ಅಲ್ಲವೇ?

ಹಳೇ ಬೆಸುಗೆ

ಆ ಗುರುತು ಹೇಳುವುದು ಒಂದೇ ಮಾತು: ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಖವಾಗಿ ಪೋಲಾಗುವುದಿಲ್ಲ ಎಂಬುದು. ಒಳಗಿನ ರಕ್ಷಣಾ ಸರ್ಕ್ಯೂಟ್ ಸರಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಒಳ್ಳೆಯವುಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ತೂಕ ನೋಡು, ವಾರಂಟಿ ಎಷ್ಟು ವರ್ಷ ಎಂದು ನೋಡು, ಒಳಗೆ ಬಿಚ್ಚಿ ಪರೀಕ್ಷೆ ಮಾಡಿದವರು ಬರೆದದ್ದನ್ನು ಓದು.

ಜೊತೆಗೆ ಅರ್ಥಿಂಗ್ ನೋಡು. ಹಳೇ ಮನೆಗಳಲ್ಲಿ ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಗಿರಾಕಿ ಹೇಳಿದರೆ ನಿನ್ನ ಯಂತ್ರದ ದೋಷ ಎಂದು ಓಡಬೇಡ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸೋರಿಕೆಯನ್ನು ಭೂಮಿಗೆ ಬಿಡಲು ದಾರಿ ಇಲ್ಲದೆ ಕ್ಯಾಬಿನೆಟ್ಟಿಗೆ ಬಿಡುತ್ತದೆ. ಎಲೆಕ್ಟ್ರಿಷಿಯನ್ನನ್ನು ಕರೆಸಲು ಹೇಳು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಆಸುಪಾಸು. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರವನ್ನು ಅದಕ್ಕೆ ಹಚ್ಚಿ ಕೊಟ್ಟರೆ ಕರೆಂಟ್ ಹೋದ ಕೂಡಲೇ ಎರಡೂ ಒಟ್ಟಿಗೆ ಮಲಗುತ್ತವೆ.

ನಿಟ್ಟುವಳ್ಳಿ ಹುಡುಗ

ಅಣ್ಣ, ನನ್ನ ಹನ್ನೊಂದರಲ್ಲಿ ಮೂರಕ್ಕೆ ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕಿದ್ದೇನೆ. ಇವತ್ತು ನಿದ್ದೆ ಬರುವುದಿಲ್ಲ.

ಹಳೇ ಬೆಸುಗೆ

ಬರದಿರಲಿ. ನಾಳೆ ಮೂವರಿಗೂ ಫೋನ್ ಮಾಡಿ ಬದಲಿಸಿಕೊಳ್ಳಿ ಎಂದು ಹೇಳು. ಸಾಮಾನಿನ ಬೆಲೆ ಅವರದ್ದು, ಕೂಲಿ ಮಾತ್ರ ಕೇಳಬೇಡ.

ಕೋಟೆಯೂರಿನವಳು

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಾನು ನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅಂಗಡಿ ಇಲ್ಲದೆ. ಹೆಣ್ಣುಮಗಳು ಬಂದು ಕ್ಯಾಬಿನೆಟ್ ಬಿಚ್ಚಿದರೆ ಮೊದಲ ಹತ್ತು ನಿಮಿಷ ಮನೆಯವರೆಲ್ಲ ಸುತ್ತ ನಿಂತು ನೋಡುತ್ತಾರೆ. “ನಿಮ್ಮ ಅಣ್ಣ ಬರಲಿಲ್ಲವೇ?” ಎಂದು ಕೇಳಿದವರೂ ಇದ್ದಾರೆ. ನನಗೆ ಅಣ್ಣನಿಲ್ಲ. ಅದು ಹಾಗಿರಲಿ.

ತಮ್ಮಾ, ನಿನ್ನ ಲೆಕ್ಕದಲ್ಲಿ ನನಗೆ ಕಾಣುವ ತಪ್ಪು ಬಾಡಿಗೆಯಲ್ಲ. ನೀನು 37,000ದ ಸಾಮಾನು ಮಾರಿದವನ ಹಾಗೆ ನಡೆದುಕೊಂಡು 2,350ರ ಕೆಲಸ ಮಾಡಿದ್ದೀಯೆ. ಬೆಲೆ ಏರಿದರೆ ನಿನ್ನ ನಷ್ಟ, ಸಾಮಾನು ಸತ್ತು ಬಂದರೆ ನಿನ್ನ ಓಡಾಟ, ಗಿರಾಕಿ ಕೈಕೊಟ್ಟರೆ ಪೂರ್ತಿ ಯಂತ್ರ ನಿನ್ನ ತಲೆಯ ಮೇಲೆ. ನಾನು ಸಾಮಾನು ಮಾರುವುದನ್ನೇ ನಿಲ್ಲಿಸಿದೆ. ಯಂತ್ರ ಯಾಕೆ ಬೇಕು ಎಂದು ಅರ್ಧ ಗಂಟೆ ಕೂತು ಕೇಳುತ್ತೇನೆ, ಪಟ್ಟಿ ಬರೆದುಕೊಡುತ್ತೇನೆ. ಗಿರಾಕಿ ತನ್ನ ಹೆಸರಿನಲ್ಲೇ ತರಿಸಿಕೊಳ್ಳುತ್ತಾನೆ. ಬಿಲ್ಲು ಅವನದು, ವಾರಂಟಿ ಅವನದು. ಬಂದ ಮೇಲೆ ನಾನು ಹೋಗಿ ಜೋಡಿಸಿ, ರ‍್ಯಾಮನ್ನು ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯ ತಂತ್ರಾಂಶದಲ್ಲಿ ಓಡಿಸಿ, ಪ್ರೊಸೆಸರ್ ಬಿಸಿಯಾಗುವುದನ್ನು ನೋಡಿ ಕೊಡುತ್ತೇನೆ. ಮೂರು ತಿಂಗಳು ಫೋನಿನಲ್ಲಿ ನೆರವು. ಇದಕ್ಕೆ 2,500 ರೂಪಾಯಿ, ಅರ್ಧ ಪಟ್ಟಿ ಕೊಡುವಾಗಲೇ.

ಇದನ್ನು ಅನಿವಾರ್ಯವಾಗಿ ಕಲಿತದ್ದು. 2025ರ ಕೊನೆಯಲ್ಲಿ ಚಿಪ್ ತಯಾರಕರೆಲ್ಲ ಎಐ ಡೇಟಾ ಸೆಂಟರುಗಳ ಕಡೆ ತಿರುಗಿ ರ‍್ಯಾಮ್ ಬೆಲೆ ಗಗನಕ್ಕೇರಿತಲ್ಲ, ಆಗ ನಾನು ಒಬ್ಬರಿಗೆ ಸೋಮವಾರ ಹೇಳಿದ ದರ ಮುಂದಿನ ಸೋಮವಾರಕ್ಕೆ ಸುಳ್ಳಾಯಿತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಕೈಯಿಂದ ಹಾಕಿದೆ. ಅದೇ ಕೊನೆ.

ಮಂಡಿಪೇಟೆ

ಅಕ್ಕ, ಪಟ್ಟಿ ಕೊಟ್ಟ ಮೇಲೆ ಗಿರಾಕಿ ತಾನೇ ತರಿಸಿ ತಾನೇ ಜೋಡಿಸಿಕೊಂಡರೆ? ನಿಮ್ಮ ವಿದ್ಯೆ ಪುಕ್ಕಟೆ ಹೋಯಿತಲ್ಲ.

ಕೋಟೆಯೂರಿನವಳು

ಪುಕ್ಕಟೆ ಎಲ್ಲಿ? ಅರ್ಧ ಮೊದಲೇ ಬಂದಿದೆ. ಅಂಥವರಲ್ಲಿ ಇಬ್ಬರು ಆಮೇಲೆ “ಡಿಸ್ಪ್ಲೇ ಬರುತ್ತಿಲ್ಲ” ಎಂದು ಕರೆದರು. ಒಬ್ಬರು ಎಚ್‌ಡಿಎಂಐ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಬೋರ್ಡಿಗೆ ಹಾಕಿದ್ದರು. ಇನ್ನೊಬ್ಬರು ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳದೆಯೇ ಕೂರಿಸಿದ್ದರು.

ಹರಿಹರದ ಲೆಕ್ಕಿಗ

ತೆರಿಗೆ ಕಡೆಯಿಂದಲೂ ಇವರ ದಾರಿ ಹಗುರ. ಆದರೆ ಹುಡುಗ ಸಾಮಾನನ್ನೂ ಮಾರುವುದಾದರೆ ಕೇಳಿಸಿಕೊಳ್ಳಲಿ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ರಿಪೇರಿ, ಕೂಲಿ ಅಂತ ಸೇವೆಯೂ ಸೇರಿದರೆ 20 ಲಕ್ಷ. ಹೊರರಾಜ್ಯಕ್ಕೆ ಒಂದೇ ಒಂದು ಯಂತ್ರ ಮಾರಿದರೂ ಸರಕಿನ ಮಟ್ಟಿಗೆ ಈ ಮಿತಿ ನಿನ್ನನ್ನು ಕಾಯುವುದಿಲ್ಲ. ಇದು ಲಾಭದ ಮೊತ್ತವಲ್ಲ, ವಹಿವಾಟಿನ ಮೊತ್ತ. 37,000ದ ಯಂತ್ರ ತಿಂಗಳಿಗೆ ಏಳು ಮಾರಿದರೆ ವರ್ಷಕ್ಕೆ 31 ಲಕ್ಷ ದಾಟಿತು, ಕೈಯಲ್ಲಿ ಏನೂ ಉಳಿಯದಿದ್ದರೂ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಎಷ್ಟು ಗದ್ದಲವಾಯಿತು, ನೆನಪಿರಬೇಕು.

“ಕಾಂಪೊಸಿಷನ್‌ಗೆ ಹೋಗಿಬಿಡು, ಬರೀ 1%” ಎಂದು ಯಾರಾದರೂ ಹೇಳುತ್ತಾರೆ. ಅದು ಸಣ್ಣ ವ್ಯಾಪಾರಿಗಳು ಒಟ್ಟು ಮಾರಾಟದ ಮೇಲೆ ಇಷ್ಟು ಪಾಲು ಎಂದು ಜಿಎಸ್‌ಟಿ ಕಟ್ಟುವ ಪದ್ಧತಿ. ನಿನ್ನದೇ ಉದಾಹರಣೆ ತೆಗೆದುಕೊ. 37,000ಕ್ಕೆ 1% ಎಂದರೆ 370, ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಮಾಮೂಲಿ ನೋಂದಣಿಯಲ್ಲಿ ಕೊಳ್ಳುವಾಗ ಕೊಟ್ಟ 18% ಕಳೆದು, ಮಾರುವಾಗ ಪಡೆದ 18%ರಲ್ಲಿ ನೀನು ಕಟ್ಟುವುದು 358 ಚಿಲ್ಲರೆ. ಲಾಭ ಇಷ್ಟು ತೆಳ್ಳಗಿದ್ದಾಗ 1% ಅಗ್ಗವೇ ಅಲ್ಲ! ಮೇಲಾಗಿ ಆಫೀಸಿನವರು, ಸ್ಟುಡಿಯೋದವರು ತೆರಿಗೆ ಬಿಲ್ಲು ಕೇಳುತ್ತಾರೆ, ಕಾಂಪೊಸಿಷನ್‌ನಲ್ಲಿ ಅದನ್ನು ಕೊಡಲು ಬರುವುದಿಲ್ಲ. ಬಿಲ್ಲಿಲ್ಲದೆ ಸಾಮಾನು ಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡು. ವಾರಂಟಿಗೂ ಅದೇ ಬಿಲ್ಲು ಬೇಕು.

ಬೆಳಕಿನ ಪ್ರೇಮಿ

ಲಾಭ ಬೇಕಾದರೆ ಹಳೇ ಗ್ರಾಫಿಕ್ಸ್ ಕಾರ್ಡ್ ಕೊಂಡು ಒರೆಸಿ ಹಾಕಿ. ಹೊಸದರ ಅರ್ಧ ಬೆಲೆಗೆ ಸಿಗುತ್ತವೆ. ನಾನು ಹಾಗೆ ಎರಡು ಮಾರಿದ್ದೇನೆ.

ರಾತ್ರಿ ಪಾಳಿ

2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಗಣಿಗಾರಿಕೆ (ಗ್ರಾಫಿಕ್ಸ್ ಕಾರ್ಡುಗಳಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸಂತೆಗೆ ಬಂದವು. ಅಂಥದ್ದೊಂದನ್ನು ನಾನೂ ಕೊಂಡೆ. ಫ್ಯಾನು ಗಿರಣಿಯ ಹಾಗೆ ಕೂಗುತ್ತಿತ್ತು. ನಾಲ್ಕೇ ತಿಂಗಳು ಬಾಳಿತು. ಹಳೆಯದು ಎಂದು ಹೇಳಿ ಮಾರಿದರೆ ಸರಿ. ಒರೆಸಿ ಮಾರಿದರೆ ಅದಕ್ಕೆ ಬೇರೆ ಹೆಸರಿದೆ.

ಸ್ಟುಡಿಯೋ ಕತ್ತಲೆಕೋಣೆ

ಗಿರಾಕಿಯ ಕಡೆಯಿಂದ ಒಂದು ಮಾತು. ಪಿ.ಜೆ. ಬಡಾವಣೆಯ ಹತ್ತಿರ ನನ್ನ ಸ್ಟುಡಿಯೋ. ಕಳೆದ ವರ್ಷ ಒಬ್ಬ ಹುಡುಗ ಕಂಪ್ಯೂಟರ್ ಮಾಡಿಕೊಟ್ಟ. ಗಾಜಿನ ಬದಿ, ಏಳು ಫ್ಯಾನು, ಬಣ್ಣಬಣ್ಣದ ದೀಪ, ಗಣಪತಿ ಪೆಂಡಾಲಿನ ಹಾಗೆ. ಆಲ್ಬಮ್ಮಿನ ಬಣ್ಣ ತಿದ್ದುವಾಗ ಗೋಡೆಯ ಮೇಲೆ ನೇರಳೆ ಬೆಳಕು ಕುಣಿಯುತ್ತಿದ್ದರೆ ವಧುವಿನ ಸೀರೆ ಕೆಂಪೋ ಕಿರಮಂಜಿಯೋ ಹೇಗೆ ಗೊತ್ತಾಗಬೇಕು? ರಟ್ಟು ಮುಚ್ಚಿ ಇಟ್ಟಿದ್ದೇನೆ.

ನಮಗೆ ಬೇಕಾದದ್ದು ಹೆಚ್ಚು ರ‍್ಯಾಮ್, ಕೆಲಸಕ್ಕೊಂದು ವೇಗದ ಎಸ್‌ಎಸ್‌ಡಿ, ಪ್ರತಿ ಇಡಲು ಬೇರೆ ದೊಡ್ಡ ಡಿಸ್ಕು, ಬಣ್ಣ ಸರಿ ತೋರಿಸುವ ಮಾನಿಟರ್. ಹಳೇ ಬೆಸುಗೆಯವರ ಕತೆ ಓದಿ ಎದ್ದು ಹೋಗಿ ನನ್ನ ಡಿಸ್ಕಿನ ಇನ್ನೊಂದು ಪ್ರತಿ ಮಾಡಿ ಬಂದೆ. ಮದುವೆ ಕಾಲದಲ್ಲಿ ಯಂತ್ರ ಒಂದು ದಿನ ನಿಂತರೆ ನನಗಾಗುವ ನಷ್ಟದ ಮುಂದೆ 2,500 ಏನೂ ಅಲ್ಲ. ಮಧ್ಯಾಹ್ನ ಕರೆದರೆ ಸಂಜೆಯೊಳಗೆ ಬರುವ ಮನುಷ್ಯ ಬೇಕು. ವರ್ಷಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡು ಕೊಡುತ್ತೇನೆ. ಆಷಾಢದಲ್ಲಿ ಮಾತ್ರ ಕೇಳಬೇಡಿ, ಆಗ ನಮ್ಮ ಕೈಯಲ್ಲೂ ಏನೂ ಇರುವುದಿಲ್ಲ.

ಹಳೇ ಬೆಸುಗೆ

ಕೇಳಿಸಿಕೊಂಡೆಯಾ? ದುಡ್ಡು ಇರುವುದು ಇಲ್ಲಿ. ಆಟದ ಹುಡುಗ ಐನೂರು ರೂಪಾಯಿಗೆ ಹತ್ತು ದಿನ ಚೌಕಾಸಿ ಮಾಡುತ್ತಾನೆ, ಆಮೇಲೆ ಆರು ತಿಂಗಳು “ಫ್ರೇಮ್ ಕಡಿಮೆ ಬರುತ್ತಿದೆ” ಎಂದು ರಾತ್ರಿ ಹನ್ನೊಂದಕ್ಕೆ ಕರೆಯುತ್ತಾನೆ. ಫ್ಲೆಕ್ಸ್ ಮುದ್ರಿಸುವವರು, ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುವವರು, ಸ್ಟುಡಿಯೋಗಳು, ವಕೀಲರ ಕಚೇರಿಗಳು. ಇವರಿಗೆ ಯಂತ್ರವೇ ಅನ್ನ. ಮಂಡಕ್ಕಿ ಭಟ್ಟಿಯ ಒಬ್ಬರ ಕಂಪ್ಯೂಟರನ್ನು ನಾನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಸಿ ತೆಗೆಯುತ್ತಿದ್ದೆ. ಹೊಸ ಯಂತ್ರ ಮಾರಿದ್ದಕ್ಕಿಂತ ಹೆಚ್ಚು ದುಡ್ಡು ಆ ಮಸಿಯಲ್ಲಿ ಬಂತು.

ಇನ್ನೊಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಊರಿನ ಕಚೇರಿಗಳಲ್ಲಿ ಅಂಥವು ಎಷ್ಟಿವೆ ಎಂದು ಒಂದು ದಿನ ಸುತ್ತಿ ನೋಡು. ಎಲ್ಲರಿಗೂ ಹೊಸದು ಬೇಕಿಲ್ಲ. ಕೆಲವರಿಗೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಬದಲಿಸಿದರೆ ಸಾಕು, ಕ್ಯಾಬಿನೆಟ್ಟು, ಮಾನಿಟರ್ ಹಳೆಯವೇ ನಡೆಯುತ್ತವೆ. ಇನ್ನೂ ಹಾರ್ಡ್‌ಡಿಸ್ಕಿನಲ್ಲಿ ತೆವಳುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಕೊಟ್ಟರೆ ನಿನ್ನನ್ನು ಮನೆಮಗನ ಹಾಗೆ ನೋಡಿಕೊಳ್ಳುತ್ತಾರೆ.

ನಿಟ್ಟುವಳ್ಳಿ ಹುಡುಗ

ವಿಂಡೋಸ್ ಮಾತು ಬಂತು, ಕೇಳಿಯೇ ಬಿಡುತ್ತೇನೆ. ಎಲ್ಲರೂ “ವಿಂಡೋಸ್, ಫೋಟೋಶಾಪ್ ಎಲ್ಲ ಹಾಕಿಯೇ ಕೊಡು” ಎನ್ನುತ್ತಾರೆ. ಹಾಕಿಯೇ ಕೊಟ್ಟಿದ್ದೇನೆ. ಎಂಥವು ಎಂದು ಬೇರೆ ಹೇಳಬೇಕಿಲ್ಲ.

ಹರಿಹರದ ಲೆಕ್ಕಿಗ

ಕೃತಿಸ್ವಾಮ್ಯ ಕಾಯ್ದೆ 1957ರ 63 ಮತ್ತು 63ಬಿ ಕಲಂ ಓದು. ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷದವರೆಗೆ ದಂಡ. ಗೆಳೆಯನಿಗೆ ಹಾಕಿಕೊಡುವುದೇ ತಪ್ಪು. ಬಿಲ್ಲು ಹರಿದು ವ್ಯಾಪಾರ ಮಾಡುವವನು ಹಾಕಿಕೊಟ್ಟರೆ ಸಾಕ್ಷಿಯನ್ನೂ ತಾನೇ ಬರೆದುಕೊಟ್ಟಂತೆ.

ರಾತ್ರಿ ಪಾಳಿ

ವಿಂಡೋಸ್ ಬದಲು ಉಬುಂಟು ಹಾಕಿಕೊಡಿ, ಖರ್ಚೇ ಇಲ್ಲ.

ಹಳೇ ಬೆಸುಗೆ

ಡಿಟಿಪಿಯವರ (ಅಚ್ಚಿಗೆ ಪುಟ ಜೋಡಿಸುವವರ) ಹತ್ತಿರ ಹೋಗಿ ಹೇಳಿ ನೋಡಿ. ಅವರ ಹಳೇ ಕಡತಗಳೆಲ್ಲ ಯೂನಿಕೋಡ್‌ಗೆ ಮುಂಚಿನ, ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ, ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿವೆ. ಲಗ್ನಪತ್ರಿಕೆಯ ಒಕ್ಕಣೆ ತೆರೆದರೆ ಕನ್ನಡದ ಬದಲು ಅರ್ಥವಾಗದ ಅಕ್ಷರಗಳು ಬರುತ್ತವೆ. ಮನೆಯಲ್ಲಿ ಓದುವ ಮಕ್ಕಳಿಗೆ ಉಬುಂಟು ಧಾರಾಳವಾಗಿ ಸಾಕು. ಉಳಿದವರಿಗೆ ಪರವಾನಗಿಯ ಬೆಲೆಯನ್ನು ಪಟ್ಟಿಯಲ್ಲೇ ಒಂದು ಸಾಲಾಗಿ ಬರೆ. ಬೇಡವೆಂದರೆ ಖಾಲಿ ಯಂತ್ರ ಕೊಟ್ಟು ಬಾ.

ಬೆಳಕಿನ ಪ್ರೇಮಿ

ಮೈಕೆಲ್ ಡೆಲ್ 1984ರಲ್ಲಿ ಹಾಸ್ಟೆಲ್ ಕೋಣೆಯಲ್ಲಿ ಸಾವಿರ ಡಾಲರ್ ಇಟ್ಟುಕೊಂಡು ಶುರು ಮಾಡಿದ. ಇಲ್ಲಿ ಎಲ್ಲರೂ ಹುಡುಗನನ್ನು ಹೆದರಿಸುತ್ತಿದ್ದೀರಿ.

ಕೋಟೆಯೂರಿನವಳು

ಆತನೂ ಕೋಣೆಗೆ ಮುಂಗಡ ಎಂಬತ್ತು ಸಾವಿರ ಕೊಡಲಿಲ್ಲ.

ಹಳೇ ಬೆಸುಗೆ

ಶಾಲೆಗಳ ಲ್ಯಾಬು ಸಿಕ್ಕರೆ ಒಂದೇ ಸಲಕ್ಕೆ ಇಪ್ಪತ್ತು ಯಂತ್ರ ಎಂದು ಹುಡುಗನಿಗೆ ಆಸೆ ಹುಟ್ಟುವ ಮೊದಲೇ ಹೇಳಿಬಿಡುತ್ತೇನೆ. ನನಗೂ ಒಮ್ಮೆ ಸಿಕ್ಕಿತ್ತು. ಖಾಸಗಿ ಶಾಲೆ, ಯಾವುದು ಎಂದು ಕೇಳಬೇಡಿ. ಇಪ್ಪತ್ತೆರಡು ಯಂತ್ರ. ಉದ್ಘಾಟನೆಗೆ ಶಾಲು ಹೊದಿಸಿದರು. ದುಡ್ಡು ಬರಲು ಏಳು ತಿಂಗಳು. ಆ ಏಳು ತಿಂಗಳು ಬೆಂಗಳೂರಿನ ಸಾಮಾನಿನವರಿಗೆ ನಾನು ಬಡ್ಡಿ ಕಟ್ಟಿದೆ. ಶಾಲು ಈಗಲೂ ಇದೆ, ಮಾನಿಟರ್ ಒರೆಸುತ್ತೇನೆ.

ನಿಟ್ಟುವಳ್ಳಿ ಹುಡುಗ

ಮಳಿಗೆಯವರಿಗೆ ಸದ್ಯಕ್ಕೆ ಬೇಡ ಎಂದು ಹೇಳಿದೆ. ಅಕ್ಕ ಹೇಳಿದ ಹಾಗೆ ಮಾಡಿ ನೋಡುತ್ತೇನೆ. ಏನಾಯಿತು ಎಂದು ಬಂದು ಬರೆಯುತ್ತೇನೆ.

ನಿಟ್ಟುವಳ್ಳಿ ಹುಡುಗ (ಆರು ವಾರಗಳ ನಂತರ)

ಬಂದೆ. ಮೊದಲು ಆ ಮೂವರ ವಿಷಯ. ಇಬ್ಬರು ಎಸ್‌ಎಂಪಿಎಸ್ ಬದಲಿಸಿಕೊಂಡರು. ಮೂರನೆಯವರು “ಚೆನ್ನಾಗಿಯೇ ಓಡುತ್ತಿದೆಯಲ್ಲ, ಈಗ ದುಡ್ಡು ಕೀಳಲು ಹೊಸ ದಾರಿಯೇ?” ಎಂದರು. ಹೇಳಿದ್ದೇನೆ ಎಂಬುದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬರೆದೂ ಕಳಿಸಿದೆ.

ಹೊಸ ರೀತಿಯಲ್ಲಿ ಆರು ಜನರಿಗೆ ಹೇಳಿದೆ. ಇಬ್ಬರು “ಸ್ಕ್ರೂ ತಿರುಗಿಸಲು ಎರಡೂವರೆ ಸಾವಿರವೇ?” ಎಂದು ಹೋದರು. ನಾಲ್ವರು ಒಪ್ಪಿದರು, 10,000 ಬಂತು. ಗಂಟೆ ಬರೆದಿಟ್ಟಿದ್ದೇನೆ ಸರ್: ನಾಲ್ಕಕ್ಕೂ ಸೇರಿ 46. ಬೆಂಗಳೂರಿಗೆ ಹೋಗಲಿಲ್ಲ. ಕೆಲಸವನ್ನೂ ಬಿಟ್ಟಿಲ್ಲ. ಅಪ್ಪ ಮೊನ್ನೆ, “ಆ ಡಬ್ಬಿಯ ಕೆಲಸಕ್ಕೆ ಈಗ ದುಡ್ಡು ಕೊಡುತ್ತಾರಾ?” ಎಂದು ಕೇಳಿದರು. ಮಾತಾಡುತ್ತಿದ್ದಾರೆ ಎಂದಾಯಿತು.

ಒಂದು ಎಡವಟ್ಟೂ ಆಯಿತು. ಒಬ್ಬರ ಪಟ್ಟಿಯಲ್ಲಿ ನಾನು ಇಂಟೆಲ್ ಐ5 12400 ಎಂದು ಬರೆದಿದ್ದೆ. ಅವರು ಅಗ್ಗಕ್ಕೆ ಸಿಕ್ಕಿತೆಂದು 12400ಎಫ್ ತರಿಸಿದರು. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲವಲ್ಲ, ಪೂರ್ತಿ ಜೋಡಿಸಿ ಆನ್ ಮಾಡಿದರೆ ಪರದೆ ಕಪ್ಪು. ಡಬ್ಬಿಯ ಮೇಲೆ ನೋಡದೆ ಕೂರಿಸಿದ್ದು ನನ್ನ ತಪ್ಪು. ಹಿಂದಿರುಗಿಸಿ ಬೇರೆ ತರಿಸಿದರು, ನಾನು ಎರಡನೇ ಸಲ ಹೋಗಿ ಬಿಚ್ಚಿ ಜೋಡಿಸಿದೆ. ಆ ಓಡಾಟಕ್ಕೆ ದುಡ್ಡು ಕೇಳಲು ನಾಲಿಗೆ ಏಳಲಿಲ್ಲ.

ಕೋಟೆಯೂರಿನವಳು

ಪಟ್ಟಿ ಮೀರಿದ್ದು ಅವರು. ಕೇಳಬೇಕಿತ್ತು. ನಾನಾಗಿದ್ದರೆ ಪಟ್ಟಿಯ ಕೆಳಗೇ ಬರೆದಿರುತ್ತಿದ್ದೆ: ಒಂದಕ್ಷರ ಬದಲಾದರೂ ಎರಡನೇ ಭೇಟಿಗೆ 500.

ಹಳೇ ಬೆಸುಗೆ

ಕೇಳದಿದ್ದದ್ದೇ ಸರಿ. ಡಬ್ಬಿ ನೋಡಬೇಕಾದದ್ದು ಜೋಡಿಸುವವನು.

ಕೋಟೆಯೂರಿನವಳು

ಹೀಗೆ ಸುಮ್ಮನಿದ್ದೇ ತಾನೇ ಅಣ್ಣ ನೀವು ಶಾಲು ಹೊದ್ದದ್ದು?

ಹಳೇ ಬೆಸುಗೆ

ಸೋತೆ ತಾಯಿ.

ಹರಿಹರದ ಲೆಕ್ಕಿಗ

10,000 ಭಾಗಿಸು 46. ಗಂಟೆಗೆ 217. ಈ ನಾಲ್ವರು ಮೂರು ತಿಂಗಳು ಎಷ್ಟು ಸಲ ಫೋನ್ ಮಾಡುತ್ತಾರೋ ಬರೆದಿಟ್ಟು ಆಮೇಲೆ ಹೇಳು, ನಿಜವಾದ ಅಂಕಿ ಆಗ ಗೊತ್ತಾಗುತ್ತದೆ.

ಸ್ಟುಡಿಯೋ ಕತ್ತಲೆಕೋಣೆ

ತಮ್ಮಾ, ಆ ಪೆಂಡಾಲನ್ನು ಬಿಚ್ಚಿ ಸಾದಾ ಡಬ್ಬಿಗೆ ಹಾಕಿ, ಪ್ರತಿ ಇಡಲು ಇನ್ನೊಂದು ಡಿಸ್ಕು ಕೂರಿಸಿಕೊಡಬೇಕು. ಈ ಭಾನುವಾರ ಮದುವೆ ಇಲ್ಲ. ಬೆಳಿಗ್ಗೆ ಬಾ, ಬೆಣ್ಣೆ ದೋಸೆ ತಿಂದು ಶುರು ಮಾಡೋಣ.

ನಿಟ್ಟುವಳ್ಳಿ ಹುಡುಗ

ಬರುತ್ತೇನೆ ಅಣ್ಣ, ಒಂಬತ್ತು ಗಂಟೆಗೆ. ಈಗಿರುವ ಬೋರ್ಡಿನ ಮಾದರಿ ಸಂಖ್ಯೆಯ ಫೋಟೋ ಇವತ್ತೇ ಕಳಿಸಿ, ಇನ್ನೊಂದು ಡಿಸ್ಕಿಗೆ ಜಾಗವಿದೆಯೇ ನೋಡಿ ಪಟ್ಟಿ ಮಾಡುತ್ತೇನೆ. ಅರ್ಧ ಮುಂಗಡ. ದೋಸೆ ಲೆಕ್ಕಕ್ಕಿಲ್ಲ.